ಸುಮ್ನೆ ಮಲಗವ್ವ

ನಮ್ಮ ಹೊಸಹಳ್ಳಿಯಲ್ಲಿ ಮಕ್ಕಳ ಬೇಸಿಗೆ ಶಿಬಿರದ ಸಭೆ. ಅಕ್ಕಿ, ಬೇಳೆ, ಚಾಪೆ ಎಲ್ಲದರ ಲೆಕ್ಕವಾಯಿತು. "ಮಗುವೊಂದು ಬಂದು ಯಾರ ಮೇಲಾದರೂ ದೂರು ಹೇಳಿದರೆ?" ಎಂದೆ.

"ನಮ್ಮೂರಾಗ ಅಂಥದ್ದೇನೈತ್ರಿ ಟೀಚರ್!" ಎಂದು ಒಬ್ಬರು ನಕ್ಕರು.

ನನಗೆ ನಗು ಬರಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಬೇರೊಂದು ಊರಿನ ಶಿಬಿರದಲ್ಲಿ ಏಳನೇ ತರಗತಿಯ ಹುಡುಗಿ ರಾತ್ರಿ ನನ್ನ ಸೆರಗು ಹಿಡಿದು, "ಆ ಸರ್ ಹತ್ರ ನನ್ನ ಕಳಿಸಬ್ಯಾಡ್ರಿ ಮಿಸ್" ಎಂದಿದ್ದಳು. ನಾನೇನು ಮಾಡಿದೆ ಗೊತ್ತೇ? "ಸುಮ್ನೆ ಮಲಗವ್ವ" ಎಂದೆ. ಮರುದಿನ ಹಿರಿಯರೊಬ್ಬರ ಕಿವಿಗೆ ಹಾಕಿದೆ. ಅವರು ಶಾಲೆಯ ಮರ್ಯಾದೆಯ ಮಾತೆತ್ತಿದರು. ನಾನೂ ತೆಪ್ಪಗಾದೆ. ರಜೆ ಮುಗಿದ ಮೇಲೆ ಹುಡುಗಿ ಶಾಲೆಗೆ ಬರಲೇ ಇಲ್ಲ.

ಈಗ ಹಾಗೆ ತೆಪ್ಪಗಿರುವುದೇ ಅಪರಾಧ. 2012ರ ಪೋಕ್ಸೋ ಕಾಯ್ದೆಯಂತೆ, ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಕೈಕೆಳಗಿನವನ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

"ಮೊದಲು ನಾವೇ ವಿಚಾರಿಸೋಣ, ನಿಜವಾದರೆ ನೋಡೋಣ" ಎಂದರು ಇನ್ನೊಬ್ಬರು. ಅಲ್ಲೇ ಎಡವುವುದು. ಹತ್ತು ಜನ ಹತ್ತು ಸಲ ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನಿಜ, ಸುಳ್ಳು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಕೇಳಿ, ತಿಳಿಸಿ, ಆ ಮನುಷ್ಯನನ್ನು ಮಕ್ಕಳಿಂದ ದೂರವಿಡುವುದಷ್ಟೇ ನಮ್ಮದು.

ತಾಯಂದಿರಿಗೆ ಠಾಣೆಯ ಮೆಟ್ಟಿಲೆಂದರೆ ಭಯ, ಊರ ಬಾಯೆಂದರೆ ಇನ್ನೂ ಭಯ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ ಎಂದು ಅವರಿಗೆ ಹೇಳಿದವರಾರು?

ಕೊನೆಗೆ, ಮಕ್ಕಳ ಮಾತು ಕೇಳಲು ಇಬ್ಬರು ಹೆಂಗಸರನ್ನು ಗೊತ್ತುಮಾಡಿದೆವು. ಮೊದಲು ನಕ್ಕವರೇ ಸೀಮೆಸುಣ್ಣ ತಂದುಕೊಟ್ಟರು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂದು ಗೋಡೆಯ ಮೇಲೆ ಬರೆದೆ, ಏಳನೇ ತರಗತಿಯ ಹುಡುಗಿಯ ಕಣ್ಣಿನ ಎತ್ತರಕ್ಕೆ.