ಬುಲ್ಡೋಜರಿನ ಮುಂದೆ ಒಂದು ನಗೆ

ಮೋಟಾರು ನಡೆಸಲು ಬಾರದವನು ಮೋಟಾರಿನ ಚಿತ್ರವನ್ನು ಕುರಿತು ಬರೆಯುವುದೆಂದರೆ, ಈಜು ಬಾರದವನು ಹೊಳೆಯ ಸುಳಿಯನ್ನು ವರ್ಣಿಸಿದಂತೆಯೇ ಸರಿ. ತಪ್ಪು ನನ್ನದಲ್ಲ, ನನ್ನ ಮಗನದು. ಕಳೆದ ಭಾನುವಾರ ರಾತ್ರಿ ಅವನು ನನ್ನನ್ನು ಹಿಡಿದು ಕೂರಿಸಿ, ರಿಚರ್ಡ್ ಸರಾಫಿಯನ್ ನಿರ್ದೇಶಿಸಿದ 1971ರ ಅಮೆರಿಕನ್ ಚಿತ್ರ ‘ವ್ಯಾನಿಷಿಂಗ್ ಪಾಯಿಂಟ್’ ತೋರಿಸಿದ.

ಕಥೆ ಅಂಗೈಯಗಲ. ಕೊವಾಲ್‌ಸ್ಕಿ ಎಂಬವನು ಬಿಳಿಯ ಡಾಡ್ಜ್ ಚಾಲೆಂಜರ್ ಕಾರನ್ನು ಡೆನ್ವರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮುಟ್ಟಿಸಬೇಕು. ಅವಸರ ಯಾರಿಗೂ ಇಲ್ಲ. ಇವನೇ ಪಂಥ ಕಟ್ಟಿ ಹೊರಡುತ್ತಾನೆ. ಬೆನ್ನ ಹಿಂದೆ ಪೊಲೀಸರು, ಸುತ್ತ ನೆವಾಡಾದ ಮರುಭೂಮಿ, ರೇಡಿಯೊದಲ್ಲಿ ಇವನನ್ನು ಹುರಿದುಂಬಿಸುವ ಒಬ್ಬ ಕುರುಡ, ನಡುವೆ ಹಾವು ಹಿಡಿಯುವ ಮುದುಕ. ಕೊನೆಗೆ ರಸ್ತೆಗೆ ಅಡ್ಡವಾಗಿ ಎರಡು ಬುಲ್ಡೋಜರು. ಕಾರು ನೆಟ್ಟಗೆ ಹೋಗಿ ಅವಕ್ಕೆ ಬಡಿಯುತ್ತದೆ. ಬಡಿಯುವ ಮುನ್ನ ಅವನು ಮುಗುಳ್ನಗುತ್ತಾನೆ.

ಆ ನಗೆಯೇ ಎಲ್ಲ ಜಗಳಕ್ಕೂ ಮೂಲ. ಅಮೆರಿಕದ ವಿಮರ್ಶಕರು ಚಿತ್ರವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರೇಕ್ಷಕರು ಬಿಡಲಿಲ್ಲ; 2007ರಲ್ಲಿ ಟ್ಯಾರಂಟಿನೊ ತನ್ನ ‘ಡೆತ್ ಪ್ರೂಫ್’ನಲ್ಲಿ ಅದೇ ಬಿಳಿಯ ಕಾರನ್ನು ಮತ್ತೆ ಓಡಿಸಿದ. ಬ್ರಿಟನ್ನಿನ ಪ್ರತಿಯಲ್ಲಿ ಷಾರ್ಲಟ್ ರ‍್ಯಾಂಪ್ಲಿಂಗ್ ದಾರಿಯಲ್ಲಿ ಕಾರು ಹತ್ತುವ ಹೆಣ್ಣಾಗಿ ಬರುತ್ತಾಳೆ. ಅವಳು ಸಾಕ್ಷಾತ್ ಮೃತ್ಯುವೇ ಎನ್ನುತ್ತಾರೆ. ಅಮೆರಿಕದಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿತ್ತು. ಹಾಗಾಗಿ ಒಂದು ದೇಶದವರು ಮೃತ್ಯುವಿನ ಮುಖ ಕಂಡರು, ಇನ್ನೊಂದು ದೇಶದವರು ಬರಿಯ ರಸ್ತೆಯನ್ನು! ಚಿತ್ರಕಥೆ ಬರೆದಾತ, ಲಂಡನ್ನಿನಲ್ಲಿ ನೆಲಸಿದ್ದ ಕ್ಯೂಬಾದ ಕಾದಂಬರಿಕಾರ ಕಬ್ರೆರಾ ಇನ್ಫಾಂತೆ. ದೇಶ ಕಳೆದುಕೊಂಡವನಿಗೆ ದಾರಿಯೇ ಮನೆಯಾಗಿ ಕಂಡಿತೋ ಏನೋ.

ಇಪ್ಪತ್ತು ವರ್ಷ ರನ್ನನ ದುರ್ಯೋಧನನನ್ನು ಪಾಠ ಹೇಳಿದವನು ನಾನು. “ಸಾಯುವುದನ್ನು ತಾನೇ ಆರಿಸಿಕೊಂಡ, ಅದಕ್ಕೇ ನಗು” ಎಂದು ತೀರ್ಪು ಕೊಟ್ಟೆ.

“ಅಲ್ಲಪ್ಪಾ,” ಎಂದ ಮಗ. “ಎರಡು ಬುಲ್ಡೋಜರುಗಳ ನಡುವೆ ಸಂದಿನಲ್ಲಿ ಬೆಳಕಿದೆ ನೋಡು. ತೂರಿಹೋಗಬಹುದು ಅಂದುಕೊಂಡ. ಆ ಪಾತ್ರ ಮಾಡಿದ ಬ್ಯಾರಿ ನ್ಯೂಮನ್ನೇ ಹಾಗೆ ಹೇಳಿದ್ದಾನೆ.”

ನಾನು ಪರದೆಯನ್ನು ಬಿಟ್ಟು ಅವನ ಮುಖವನ್ನೇ ನೋಡಿದೆ. ಹತ್ತೊಂಬತ್ತು ವರ್ಷ, ಬೈಕು ಬಂದು ಎರಡು ತಿಂಗಳು. ದುರ್ಯೋಧನನಾದರೆ ನನಗೆ ಗೊತ್ತು. ಸಂದಿನಲ್ಲಿ ಬೆಳಕು ಕಾಣುವವನನ್ನು ಏನು ಮಾಡುವುದು?

ನನ್ನ ಮೌನವನ್ನು ಅವನು ತಪ್ಪು ತಿಳಿದಿರಬೇಕು. “ಹೆದರಬೇಡ, ಒಡೆದದ್ದು ಚಾಲೆಂಜರ್ ಅಲ್ಲ, ಹಳೆಯ ಕ್ಯಾಮರೋ” ಎಂದು ಸಮಾಧಾನ ಹೇಳಿದ.

ರಾತ್ರಿ ಎದ್ದು ಮೊಳೆಯಲ್ಲಿದ್ದ ಬೈಕಿನ ಕೀಲಿಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡೆ. ಬೆಳಿಗ್ಗೆ ಅವನು ಮನೆಯೆಲ್ಲ ಹುಡುಕಿದ. ನನ್ನಾಕೆ ಇಬ್ಬರನ್ನೂ ಗದರಿದಳು. ಕೊಟ್ಟೆ. ಹೊರಡುವಾಗ ಬಾಗಿಲಿಗೆ ಹೋಗಿ ನೋಡಿದೆ. ಹೆಲ್ಮೆಟ್ಟು ಹಾಕಿಕೊಂಡಿದ್ದರಿಂದ ಮುಖ ಕಾಣಿಸಲಿಲ್ಲ.