ಲಾಭದ ಪಕ್ಕದ ಪುಟ

ಪರಿಚಯದವರೊಬ್ಬರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರೆಂದು ನೋಡಿಕೊಂಡು ಬಂದವರಲ್ಲಿ ಯಾರಾದರೂ ಒಬ್ಬರು, ‘ಇದನ್ನು ಮಾಡೋ ಕಂಪನಿಯ ಷೇರು ಕೊಂಡರೆ ಹೇಗ್ರೀ?’ ಎಂದು ಕೇಳುತ್ತಾರೆ. ಕಾಯಿಲೆ ಇರುವ ತನಕ ವ್ಯಾಪಾರಕ್ಕೇನು ಬರ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ, ಆದರೆ ಮಾರುವುದು ಬೇರೆ, ಮಾರಿದ್ದರ ದುಡ್ಡು ಕೈಗೆ ಬರುವುದು ಬೇರೆ. ಅಂಥವರಿಗೆ ನಾನು ಆಪ್ಟೊ ಸರ್ಕ್ಯೂಟ್ಸ್ ಕಥೆ ಹೇಳುತ್ತೇನೆ.

ನಮ್ಮ ಬೆಂಗಳೂರಿನದೇ ಕಂಪನಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುತ್ತಾರಲ್ಲ, ಅದರ ಸೆನ್ಸರ್ ಮಾಡುತ್ತಿತ್ತು. ಮುಂದೆ ಸ್ಟೆಂಟ್ ಮಾಡುವ ಜರ್ಮನಿಯ ಯೂರೋಕೋರ್ ಕಂಪನಿಯನ್ನು ಕೊಂಡಿತು. 2008ರಲ್ಲಿ ಅಮೆರಿಕದ ಕ್ರಿಟಿಕೇರ್, 2010ರಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರಗಳ ಕಾರ್ಡಿಯಾಕ್ ಸೈನ್ಸ್. ಷೇರುದಾರರಿಗೆ ಮೇಲಿಂದ ಮೇಲೆ ಬೋನಸ್ ಷೇರು. ಲಾಭದ ಅಂಕಿ ಕಂಡು ಊರೇ ಹೊಗಳಿತು. ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಗಿರಾಕಿಗಳಿಂದ ಬರಬೇಕಾದ ಬಾಕಿ ಏರುತ್ತಿತ್ತು, ಸಾಲವೂ ಏರುತ್ತಿತ್ತು. 2015ರಲ್ಲಿ ಕಾರ್ಡಿಯಾಕ್ ಸೈನ್ಸ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಕೆಲವು ವರ್ಷಗಳಲ್ಲಿ ಮೂಲ ಕಂಪನಿಯೂ ಅದೇ ಹಾದಿ ಹಿಡಿಯಿತು. ಅದರಲ್ಲಿ ದುಡಿದವರನ್ನೂ ದುಡ್ಡು ಹಾಕಿದವರನ್ನೂ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ನಿವ್ವಳ ಲಾಭ ನೋಡಿದ ಮೇಲೆ ಪುಟ ತಿರುವಿ, ವ್ಯವಹಾರದಿಂದ ಬಂದ ನಗದು ಎಷ್ಟೆಂದು ನಾಲ್ಕಾರು ವರ್ಷದ್ದು ಒಟ್ಟಿಗೆ ನೋಡಿ ಎನ್ನುತ್ತೇನೆ. ಆಸ್ಪತ್ರೆಗಳು, ಅದರಲ್ಲೂ ಟೆಂಡರ್ ಕರೆದು ಕೊಳ್ಳುವ ಸರ್ಕಾರಿ ಆಸ್ಪತ್ರೆಗಳು, ಬಿಲ್ಲಿನ ಹಣ ಕೊಡುವುದು ನಿಧಾನ. ಪುಸ್ತಕದಲ್ಲಿ ಲಾಭ ಬರೆದಾಗಿರುತ್ತದೆ, ಸಂಬಳಕ್ಕೆ ಸಾಲ ತರಬೇಕು.

ನನಗೆ ಮೆಚ್ಚುಗೆಯಾಗುವುದು ಸಣ್ಣ ಸಾಮಾನು. ಫರೀದಾಬಾದಿನ ಪಾಲಿ ಮೆಡಿಕ್ಯೂರ್ ಮಾಡುವ, ಡ್ರಿಪ್ ಏರಿಸುವ ಕ್ಯಾನುಲಾ ನೋಡಿ: ಒಬ್ಬ ರೋಗಿಗೆ ಚುಚ್ಚಿ ತೆಗೆದದ್ದು ಇನ್ನೊಬ್ಬರಿಗೆ ಆಗದು, ನಾಳೆ ಮತ್ತೆ ಬೇಕು. ಹಾಗೆಂದ ಮಾತ್ರಕ್ಕೆ ಯಾವ ಬೆಲೆಗಾದರೂ ಆ ಷೇರು ಕೊಳ್ಳಿ ಎಂದಲ್ಲ.

ಇನ್ನು ಸ್ಟೆಂಟ್. 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮೊದಲು ಲಕ್ಷ ದಾಟಿದ ಬಿಲ್ಲುಗಳಿದ್ದವು. ಆಗಸ್ಟಿನಲ್ಲಿ ಕೃತಕ ಮಂಡಿ ಕೀಲಿನ ಸರದಿ. ಷೇರು ಪೇಟೆ ಕಂಗಾಲಾಗಲಿ, ಹೊಲ ಅಡವಿಟ್ಟು ಆಪರೇಷನ್ ಮಾಡಿಸುವವರ ಪಾಲಿಗೆ ಅದು ಒಳ್ಳೆಯ ದಿನ ಎಂದೇ ನನ್ನ ಭಾವನೆ. ಹಾಗಾಗಿ ಇಂಥ ಕಂಪನಿಯೊಂದನ್ನು ತೂಗುವಾಗ, ರೋಗಿಯ ಕಷ್ಟದ ಮೇಲೆ ಏರಿಸಿದ ಬೆಲೆಯಿಂದ ಬಂದ ಲಾಭವನ್ನು ಲೆಕ್ಕದಿಂದ ಮೊದಲೇ ಕಳೆದು, ಉಳಿದದ್ದಕ್ಕೆ ಆ ಕಂಪನಿ ಎಷ್ಟು ಬಾಳುತ್ತದೆಂದು ಕೂಡಿಸಿ ನೋಡುತ್ತೇನೆ.