ಕರ್ತೃ ಇಲ್ಲದ ವಾಕ್ಯ

ಕಳೆದ ಸೆಪ್ಟೆಂಬರ್ ರಜೆಯಲ್ಲಿ ಸಿಡ್ನಿಯ ನಮ್ಮ ಹೈಸ್ಕೂಲಿನಿಂದ ಜಪಾನೀಸ್ ಕಲಿಯುವ 16 ಮಕ್ಕಳು ಮತ್ತು ಇಬ್ಬರು ಟೀಚರ್‌ಗಳು ಜಪಾನಿಗೆ ಹೋಗಿದ್ದೆವು. ಒಕಾಯಾಮಾದ ಒಂದು ಶಾಲೆಯ ಜೊತೆ ನಮಗೆ ವಿದ್ಯಾರ್ಥಿ ವಿನಿಮಯ ಇದೆ. ಅಲ್ಲಿನ ಮಕ್ಕಳ ಮನೆಯಲ್ಲೇ ಹತ್ತು ದಿನ ಉಳಿದು, ಅವರ ಜೊತೆ ಶಾಲೆಗೆ ಹೋಗಬೇಕು. ಅದಕ್ಕೂ ಮುಂಚೆ ಒಂದು ವಾರ ಟೋಕಿಯೊ, ಕ್ಯೋಟೊ, ಹಿರೋಷಿಮಾ ಪ್ರವಾಸ. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಆ ಮನೆಯವರ ಬಗ್ಗೆ. ಆದರೆ ನಾನು ಬರೆಯುತ್ತಿರುವುದು ಮೊದಲಿನ ಆ ಒಂದು ವಾರದ ಬಗ್ಗೆ, ಅದರಲ್ಲೂ ಹಿರೋಷಿಮಾದಲ್ಲಿ ಓದಿದ ಒಂದು ವಾಕ್ಯದ ಬಗ್ಗೆ.

ಹೊರಡುವ ಮುಂಚೆ ನನಗಿದ್ದ ದೊಡ್ಡ ಭಯ ಮಾತಿನದ್ದು. ಕ್ಲಾಸಿನಲ್ಲಿ ಮಾರ್ಕ್ಸ್ ಬರುತ್ತೆ, ಸರಿ. ಊಟದ ಮೇಜಿನ ಮುಂದೆ ಕೂತಾಗ ಏನು ಮಾಡೋದು? ಅಮ್ಮ ಮಾತ್ರ ನಿಶ್ಚಿಂತೆಯಿಂದ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಆ ಮನೆಯವರಿಗೆ ಕೊಡಲು ಚನ್ನಪಟ್ಟಣದ ಗೊಂಬೆ ತುಂಬಿಸುತ್ತಿದ್ದರು. "ನಿನಗೆ ಕನ್ನಡ ಬರುತ್ತಲ್ಲ, ಜಪಾನೀಸ್ ಬರದೇ ಇರುತ್ತಾ?" ಅಂದರು. ಅಮ್ಮನಿಗೆ ಜಪಾನೀಸ್ ಒಂದಕ್ಷರವೂ ಗೊತ್ತಿಲ್ಲ. ಆದರೂ ಅವರ ಮಾತು ನಿಜವಾಯಿತು.

ಕ್ಯೋಟೊಗೆ ಹೋದ ಮಾರನೇ ದಿನ ಹೋಟೆಲಿನಲ್ಲಿ ಒಬ್ಬರು, ಯಾವಾಗ ಬಂದಿರಿ ಅಂತ ಕೇಳಿದರು. ನಾನು "ಕಿನೋ ಡೆನ್ಷಾ ದೆ ಕ್ಯೋಟೊ ನಿ ಕಿಮಾಷಿತ" ಅಂದೆ. ಅಂದರೆ, ನಿನ್ನೆ ರೈಲಿನಲ್ಲಿ ಕ್ಯೋಟೊಗೆ ಬಂದೆ. ಒಂದೊಂದು ಪದವೂ ಕನ್ನಡದಲ್ಲಿ ಬರುವ ಜಾಗದಲ್ಲೇ ಬಂದು ಕೂತಿತ್ತು! ನಮ್ಮಲ್ಲಿ 'ಅಲ್ಲಿ', 'ಗೆ' ಪದದ ಹಿಂದೆ ಸೇರುವ ಹಾಗೆ ಅಲ್ಲಿ 'ದೆ', 'ನಿ'. ಬಂದಿರಿ ಅನ್ನುವುದಕ್ಕೆ ಒಂದು 'ಆ' ಸೇರಿಸಿ ಬಂದಿರಾ ಅಂತ ಕೇಳುವ ಹಾಗೆ, ಅವರು ಕೊನೆಗೆ 'ಕಾ' ಸೇರಿಸುತ್ತಾರೆ. ನಮ್ಮ ಕನ್ನಡ ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅಂತ ಬಾಯಿಪಾಠ ಮಾಡಿದ್ದು ಅಷ್ಟು ದೂರದಲ್ಲಿ ಕೆಲಸಕ್ಕೆ ಬಂತು. ಅಲ್ಲಿಂದ ನಾನು ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಮಾಡಿಕೊಂಡೇ ಬಾಯಿ ತೆರೆಯುತ್ತಿದ್ದೆ.

ವಾರದ ಕೊನೆಗೆ ಹಿರೋಷಿಮಾ. 1945ರ ಆಗಸ್ಟ್ 6, ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಅಲ್ಲಿ ಅಣುಬಾಂಬ್ ಬಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತರು ಅಂತ ಅಂದಾಜು. ಈ ಸಂಖ್ಯೆ ನನಗೆ ಪಾಠದಲ್ಲೇ ಗೊತ್ತಿತ್ತು. ಮ್ಯೂಸಿಯಂನಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದು ಊಟದ ಡಬ್ಬಿ. ಒಳಗಿನ ಊಟ ಕರಕಲಾಗಿ ಹಾಗೇ ಇದೆ. ಬೆಂಕಿ ಹರಡದಿರಲಿ ಅಂತ ಊರಿನ ಮನೆಗಳನ್ನು ಕೆಡವಿ ಜಾಗ ಬಿಡಿಸುವ ಕೆಲಸಕ್ಕೆ ಆವತ್ತು ಶಾಲೆಯ ಮಕ್ಕಳನ್ನು ಕರೆಸಿದ್ದರು. ಹನ್ನೆರಡು, ಹದಿಮೂರು ವರ್ಷದವರು. ಮನೆಯಲ್ಲಿ ಯಾರೋ ಬೆಳಗ್ಗೆ ಎದ್ದು ಕಟ್ಟಿಕೊಟ್ಟ ಊಟ. ನಮ್ಮ ಗುಂಪಿನಲ್ಲಿ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಹೊರಗೆ ಶಾಂತಿ ಉದ್ಯಾನದಲ್ಲಿ ಕಮಾನಿನ ಆಕಾರದ ಒಂದು ಸ್ಮಾರಕ ಇದೆ. 1952ರಲ್ಲಿ ಕಟ್ಟಿದ್ದು, ವಿನ್ಯಾಸ ಕೆಂಜೊ ಟಾಂಗೆ ಅವರದು. ಕಮಾನಿನ ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಸತ್ತವರ ಹೆಸರುಗಳ ಪಟ್ಟಿ ಇಟ್ಟಿದ್ದಾರೆ. ಅದರ ಮೇಲೆ ಒಂದೇ ಒಂದು ವಾಕ್ಯ. ನಮ್ಮ ಸೆನ್ಸೇ, ಅಂದರೆ ಜಪಾನೀಸ್ ಟೀಚರ್, ಅದನ್ನು ಇಂಗ್ಲಿಷಿಗೆ ಮಾಡಿ ಅಂದರು. ಸತ್ತವರಿಗೆ ನೆಮ್ಮದಿಯಿಂದ ಮಲಗಿ ಅಂತ ಹೇಳಿ, ತಪ್ಪು ಮತ್ತೆ ನಡೆಯದು ಅಂತ ಮಾತು ಕೊಡುವ ವಾಕ್ಯ ಅದು. ಮಾತು ಕೊಡುತ್ತಿರುವವರು ಯಾರು ಅಂತ ಮಾತ್ರ ಅದರಲ್ಲಿಲ್ಲ. ಜಪಾನೀಸ್ ಕ್ರಿಯಾಪದ ನಾನು, ನೀನು, ಅವರು ಎಲ್ಲರಿಗೂ ಒಂದೇ. ಹೆಚ್ಚಿನವರು ಇಂಗ್ಲಿಷಿನಲ್ಲಿ 'ವಿ' ಅಂತ ಬರೆದರು. ಒಬ್ಬ 'ದೇ' ಅಂತ ಬರೆದ. ಅಲ್ಲೇ ಜಗಳ ಶುರುವಾಯಿತು. ಬಾಂಬ್ ಹಾಕಿದ್ದು ಅಮೆರಿಕ ಅಂತ ಒಬ್ಬರು, ಯುದ್ಧ ಶುರು ಮಾಡಿದ್ದು ಜಪಾನ್ ಅಂತ ಇನ್ನೊಬ್ಬರು.

ಈ ಜಗಳ ಹಳೆಯದು ಅಂತ ಸೆನ್ಸೇ ಹೇಳಿದರು. ವಾಕ್ಯ ಬರೆದವರು ಹಿರೋಷಿಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ಸೈಕಾ ತದಾಯೋಷಿ. ಅವರೂ ಬಾಂಬಿಗೆ ಸಿಕ್ಕಿ ಬದುಕಿ ಉಳಿದವರು. 1952ರಲ್ಲೇ ಅಲ್ಲಿಗೆ ಹೋಗಿ ಯಾರ ತಪ್ಪು ಅಂತ ಪ್ರಶ್ನೆ ಎತ್ತಿದವರು ನಮ್ಮ ಭಾರತದವರೇ. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿದ್ದ ನ್ಯಾಯಾಧೀಶ ರಾಧಾ ಬಿನೋದ್ ಪಾಲ್. ಬಾಂಬ್ ಹಾಕಿದ್ದು ಜಪಾನಿಯರಲ್ಲವಲ್ಲ ಅನ್ನುವುದು ಅವರ ವಾದ. ಮಾತು ಕೊಡುತ್ತಿರುವುದು ಇಡೀ ಮನುಷ್ಯಕುಲ ಅನ್ನುವುದು ಹಿರೋಷಿಮಾ ನಗರದ ವಿವರಣೆ.

ನಾನು ಸುಮ್ಮನೆ ಕನ್ನಡದಲ್ಲಿ ಮಾಡಿ ನೋಡಿದೆ. ಕನ್ನಡದಲ್ಲಿ ಇದು ಆಗಲ್ಲ ಅಂತಲೇ ಅಂದುಕೊಂಡಿದ್ದೆ. ಮಾಡುತ್ತೇನೆ ಅಂದರೆ ನಾನು, ಮಾಡುತ್ತಾರೆ ಅಂದರೆ ಅವರು. ಕ್ರಿಯಾಪದದ ಬಾಲ ಹಿಡಿದರೆ ಕರ್ತೃ ಸಿಕ್ಕಿಬೀಳುತ್ತಾನೆ. ಆದರೆ 'ತಪ್ಪನ್ನು ಮತ್ತೆ ಮಾಡುವುದಿಲ್ಲ' ಅಂದಾಗ? ನಾನು ಮಾಡುವುದಿಲ್ಲ, ನೀವು ಮಾಡುವುದಿಲ್ಲ, ಅವರು ಮಾಡುವುದಿಲ್ಲ. ಎಲ್ಲದಕ್ಕೂ ಒಂದೇ! 'ಇಲ್ಲ' ಬಂದ ಕೂಡಲೇ ಬಾಲ ಮಾಯ. ಯಾರನ್ನೂ ಸೇರಿಸದೆ, ಯಾರನ್ನೂ ಬಿಡದೆ ಆ ವಾಕ್ಯ ಕನ್ನಡಕ್ಕೆ ಬಂತು. ಓದುವವರೇ ಆ ಖಾಲಿ ಜಾಗದಲ್ಲಿ ನಿಂತು ಹೇಳಬೇಕಾದ ಮಾತು ಅನ್ನಿಸಿತು.

ಖುಷಿಯಿಂದ ಪಕ್ಕದಲ್ಲಿದ್ದ ಗೆಳತಿಗೆ ಹೇಳಿದೆ. ಅವಳ ಮನೆಯವರು ಕೊರಿಯಾದವರು. ಅವಳು ನಗಲಿಲ್ಲ. "ನಮ್ಮ ಮುತ್ತಜ್ಜಿಗೆ ಶಾಲೆಯಲ್ಲಿ ಕೊರಿಯನ್ ಮಾತಾಡೋಕೆ ಬಿಡ್ತಿರಲಿಲ್ಲ. ಬಿಡದೇ ಇದ್ದವರು ಯಾರು ಅಂತ ಹೆಸರು ಹೇಳಬೇಡ್ವಾ?" ಅಂದಳು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ನಾವಿಬ್ಬರೂ ಸೆನ್ಸೇಗೆ ಹೇಳಿ, ಅದೇ ಉದ್ಯಾನದಲ್ಲಿರುವ ಕೊರಿಯನ್ನರ ಸ್ಮಾರಕಕ್ಕೆ ಹೋದೆವು. ಕಲ್ಲಿನ ಆಮೆಯ ಬೆನ್ನ ಮೇಲೆ ನಿಲ್ಲಿಸಿದ ಕಂಬ ಅದು. 1970ರಲ್ಲಿ ಅದನ್ನು ಉದ್ಯಾನದ ಹೊರಗೆ ನಿಲ್ಲಿಸಿದ್ದರು, ಒಳಗೆ ತಂದದ್ದು 1999ರಲ್ಲಿ. ನಾವು ಸಿಡ್ನಿಯಲ್ಲಿ ಮಡಚಿ ತಂದಿದ್ದ ಕಾಗದದ ಕೊಕ್ಕರೆಗಳಲ್ಲಿ ಒಂದನ್ನು ಅವಳು ಅಲ್ಲಿಟ್ಟಳು. ಶನಿವಾರ ಬೆಳಗ್ಗೆ ಕನ್ನಡ ಶಾಲೆಗೆ ಅಪ್ಪ ಎಬ್ಬಿಸುವಾಗ ನಾನು ಎಷ್ಟು ಗೊಣಗುತ್ತೇನೆ ಅನ್ನುವುದು ಆಗ ನೆನಪಾಯಿತು. ಅವಳಿಗೆ ಅದನ್ನು ಹೇಳಲಿಲ್ಲ.

ಮಾರನೇ ದಿನ ಶಿಂಕಾನ್ಸೆನ್ ಹತ್ತಿ ಒಂದು ಗಂಟೆಯೊಳಗೆ ಒಕಾಯಾಮಾ ಸೇರಿದೆವು. ನಾನು ಉಳಿದ ಮನೆಯ ಅಜ್ಜಿ ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ಕೇಳಿದ್ದೇ ಎಲ್ಲೆಲ್ಲಿ ಹೋಗಿದ್ದೆ ಅಂತ. ಹಿರೋಷಿಮಾ ಅಂದೆ. ಊಟದ ಡಬ್ಬಿಯ ಬಗ್ಗೆ ಹೇಳಿದೆ. ನನ್ನ ಜಪಾನೀಸ್ ಅಷ್ಟರಲ್ಲಿ ಮುಗಿಯಿತು. ಅಜ್ಜಿ ತಲೆ ಆಡಿಸಿ, ನನ್ನ ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿದರು.

ಬರುವ ವರ್ಷ ಆ ಮಕ್ಕಳು ಸಿಡ್ನಿಗೆ ಬರುತ್ತಾರೆ. ಅವರಿಗೆ ಮೊದಲು ಏನು ತೋರಿಸಬೇಕು ಅಂತ ನಮ್ಮಲ್ಲಿ ಈಗ ಚರ್ಚೆ. ಆಪೆರಾ ಹೌಸ್ ಇದ್ದೇ ಇದೆ. ಆದರೆ ಅದೇ ಹಾರ್ಬರಿಗೆ 1942ರ ಮೇ 31ರ ರಾತ್ರಿ ಜಪಾನಿನ ಮೂರು ಪುಟ್ಟ ಸಬ್‌ಮರೀನ್‌ಗಳು ನುಗ್ಗಿದ್ದವು. ಕುಟ್ಟಾಬುಲ್ ಎಂಬ ಹಡಗಿನಲ್ಲಿದ್ದ 21 ನಾವಿಕರು ಸತ್ತರು. ಸಬ್‌ಮರೀನ್‌ಗಳಲ್ಲಿ ಸಿಕ್ಕಿದ ನಾಲ್ವರು ಜಪಾನಿ ನಾವಿಕರ ದೇಹಗಳಿಗೆ, ಯುದ್ಧ ನಡೆಯುತ್ತಿರುವಾಗಲೇ, ಸಿಡ್ನಿಯಲ್ಲಿ ನೌಕಾಪಡೆಯ ಗೌರವದೊಂದಿಗೆ ಅಂತ್ಯಕ್ರಿಯೆ ಮಾಡಿ ಚಿತಾಭಸ್ಮವನ್ನು ಜಪಾನಿಗೆ ಕಳಿಸಿದರು.

ಅತಿಥಿಗಳಿಗೆ ಇದೆಲ್ಲ ಯಾಕೆ ಅಂತ ಕೆಲವರ ಅಭಿಪ್ರಾಯ. ನನ್ನ ಗೆಳತಿ ಮತ್ತು ನಾನು ಮಾತ್ರ ಹೇಳಲೇಬೇಕು ಅಂತ ಕೂತಿದ್ದೇವೆ. ಅವರು ನಮ್ಮನ್ನು ಮನೆಯೊಳಗೆ ಕರೆಯುವ ಮುಂಚೆ ತಮ್ಮ ನೋವನ್ನು ನೋಡಲು ಬಿಟ್ಟಿದ್ದರು. ಅವಳು ಯಾರು ಏನು ಮಾಡಿದರು ಅನ್ನುವುದನ್ನು ಹೆಸರು ಹಿಡಿದು ಹೇಳುತ್ತಾಳಂತೆ. ಕೊನೆಯ ವಾಕ್ಯ ನನ್ನದು. ಅದನ್ನು ಈಗಾಗಲೇ ಕನ್ನಡದಲ್ಲಿ ಮಾಡಿಟ್ಟುಕೊಂಡಿದ್ದೇನೆ.